ಕಚೇರಿಯ ವೈ-ಫೈ ನಿಧಾನವಾದಾಗ ದೋಷವನ್ನು ಪತ್ತೆ ಹಚ್ಚುವ ಕ್ರಮ

ವೇಗದ ಇಂಟರ್‌ನೆಟ್ ಸಂಪರ್ಕ ಪಡೆದಿದ್ದೇವೆ, ಒಳ್ಳೆಯ ಆಕ್ಸೆಸ್ ಪಾಯಿಂಟನ್ನೇ ಹಾಕಿಸಿದ್ದೇವೆ, ಆದರೂ ಕಚೇರಿಯ ವೈ-ಫೈ ತೆವಳುತ್ತದೆ, ಏನು ಮಾಡಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಅಷ್ಟರೊಳಗೆ ಸಾಧನವನ್ನು ಆಫ್ ಮಾಡಿ ಆನ್ ಮಾಡಿರುತ್ತಾರೆ, ಚಾನೆಲ್ (ವೈ-ಫೈ ಬಳಸುವ ರೇಡಿಯೋ ಆವರ್ತನದ ಭಾಗ) ಬದಲಿಸಿರುತ್ತಾರೆ, ಪಾಸ್‌ವರ್ಡನ್ನೂ ಬದಲಿಸಿರುತ್ತಾರೆ. ಕೊನೆಗೆ ಯಾವ ಬದಲಾವಣೆಯಿಂದ ಏನಾಯಿತೆಂಬುದೇ ತಿಳಿಯದಂತಾಗಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಪರಿಹಾರಕ್ಕಿಂತ ಮೊದಲು ಅಳತೆಗೆ ಜಾಗ ಕೊಟ್ಟಿದ್ದೇನೆ. ವೇಗ ಎಲ್ಲಿ ಸೋರಿಹೋಗುತ್ತಿದೆ ಎಂದು ಗೊತ್ತಾದರೆ ಅದನ್ನು ಸರಿಪಡಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಸಣ್ಣ ಕೆಲಸ.

ಆಕ್ಸೆಸ್ ಪಾಯಿಂಟ್ ಎಂದರೆ ಕೇಬಲ್ ಮೂಲಕ ಬಂದ ಜಾಲವನ್ನು ರೇಡಿಯೋ ಮೂಲಕ ಫೋನು, ಲ್ಯಾಪ್‌ಟಾಪುಗಳಿಗೆ ತಲುಪಿಸುವ ಪೆಟ್ಟಿಗೆ. ಮನೆಯ ರೂಟರಿನಲ್ಲಿ ಇದು ಒಳಗೇ ಅಡಗಿರುತ್ತದೆ. ಕಚೇರಿಯಲ್ಲಿ ಸಾಮಾನ್ಯವಾಗಿ ಚಾವಣಿಗೋ ಗೋಡೆಗೋ ಪ್ರತ್ಯೇಕವಾಗಿ ಕೂರುತ್ತದೆ. ನಿಮ್ಮ ದತ್ತಾಂಶ ನಾಲ್ಕು ತುಂಡು ದಾರಿಗಳನ್ನು ದಾಟಿ ಬರುತ್ತದೆ ಎಂದುಕೊಳ್ಳಿ: ಇಂಟರ್‌ನೆಟ್ ಸೇವೆಯವರಿಂದ ರೂಟರ್‌ವರೆಗೆ, ರೂಟರಿನಿಂದ ಸ್ವಿಚ್ (ಹಲವು ನೆಟ್‌ವರ್ಕ್ ಕೇಬಲುಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆ) ದಾಟಿ ಆಕ್ಸೆಸ್ ಪಾಯಿಂಟ್‌ವರೆಗೆ, ಅಲ್ಲಿಂದ ಗಾಳಿಯಲ್ಲಿ ಲ್ಯಾಪ್‌ಟಾಪ್‌ವರೆಗೆ, ಕೊನೆಯದಾಗಿ ಲ್ಯಾಪ್‌ಟಾಪಿನ ಒಳಗೆ. ‘ವೈ-ಫೈ ನಿಧಾನ’ ಎಂಬ ದೂರು ಇವುಗಳಲ್ಲಿ ಯಾವುದರಿಂದ ಬೇಕಾದರೂ ಹುಟ್ಟಬಹುದು. ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಮೊದಲು ಅನುಮಾನಿಸುವುದು ಮೂರನೆಯದನ್ನು, ಯಾರೂ ನೋಡದೆ ಬಿಡುವುದು ಎರಡನೆಯದನ್ನು.

ಬೇಕಾಗುವ ಸಾಮಗ್ರಿ

ಗಿಗಾಬಿಟ್ ಎತರ್‌ನೆಟ್ ಪೋರ್ಟ್ (ಸೆಕೆಂಡಿಗೆ 1000 ಮೆಗಾಬಿಟ್ ವೇಗದ ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ) ಇರುವ ಒಂದು ಲ್ಯಾಪ್‌ಟಾಪ್, ಸರಿಯಾಗಿದೆ ಎಂದು ಖಾತ್ರಿಯಿರುವ ಒಂದು ನೆಟ್‌ವರ್ಕ್ ಕೇಬಲ್, ಆಕ್ಸೆಸ್ ಪಾಯಿಂಟ್ ಮತ್ತು ಸ್ವಿಚ್ಚಿನ ನಿರ್ವಹಣಾ ಪುಟಗಳಿಗೆ ಹೋಗಲು ಬೇಕಾದ ಪಾಸ್‌ವರ್ಡ್, ಸುತ್ತಲಿನ ಚಾನೆಲ್‌ಗಳನ್ನು ತೋರಿಸುವ ವೈ-ಫೈ ಅನಲೈಸರ್ ಆಪ್ ಇರುವ ಒಂದು ಆಂಡ್ರಾಯ್ಡ್ ಫೋನ್ ಇಷ್ಟಿದ್ದರೆ ಸಾಕು. ಇವುಗಳ ಜೊತೆಗೆ ಐಪರ್ಫ್3 ಎಂಬ ಉಚಿತ ತಂತ್ರಾಂಶವನ್ನು ಎರಡು ಕಂಪ್ಯೂಟರುಗಳಲ್ಲಿ ಹಾಕಿಕೊಳ್ಳಿ; ಇಂಟರ್‌ನೆಟ್ಟನ್ನು ಬದಿಗಿಟ್ಟು ನಿಮ್ಮ ಒಳಜಾಲದ ವೇಗವನ್ನಷ್ಟೇ ಅಳೆಯಲು ಇದಕ್ಕಿಂತ ಅನುಕೂಲವಾದ ಸಲಕರಣೆ ಇಲ್ಲ. ಯಾವುದನ್ನೂ ಮುಟ್ಟುವ ಮೊದಲು ಆಕ್ಸೆಸ್ ಪಾಯಿಂಟಿನ ಈಗಿನ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದಿಡಿ.

ಅಳತೆಯ ಘಟಕದ ಬಗ್ಗೆಯೂ ಎಚ್ಚರವಿರಲಿ. ಸೇವೆಯವರು ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಡೌನ್‌ಲೋಡ್ ಕಿಟಕಿ ಬಹಳ ಸಲ ಮೆಗಾಬೈಟ್‌ನಲ್ಲಿ ತೋರಿಸುತ್ತದೆ. ಒಂದು ಬೈಟ್ ಎಂದರೆ 8 ಬಿಟ್. ಸೆಕೆಂಡಿಗೆ 12 ಮೆಗಾಬೈಟ್ ಎಂದು ಕಂಡರೆ ಅದು ಸುಮಾರು 96 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 96 ಮೆಗಾಬಿಟ್. ಕೆಲವು ದೂರುಗಳು ಇಲ್ಲಿಯೇ ಮುಗಿಯುತ್ತವೆ.

ಹಂತ 1: ದೂರನ್ನು ಬಿಡಿಸಿ ಬರೆದುಕೊಳ್ಳಿ

ಯಾರಿಗೆ ನಿಧಾನ, ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕೆಲಸಕ್ಕೆ ಎಂದು ಕೇಳಿ. ಒಬ್ಬರಿಗೆ ಮಾತ್ರ ನಿಧಾನವಾಗಿದ್ದರೆ ನೇರವಾಗಿ ಹಂತ 8ಕ್ಕೆ ಹೋಗಿ. ಒಂದು ಮೂಲೆಯಲ್ಲಿ ಕೂತವರಿಗೆಲ್ಲ ನಿಧಾನವಾಗಿದ್ದರೆ ಸಿಗ್ನಲ್ಲಿನ ಸಮಸ್ಯೆ ಇರಬಹುದು. ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ, ಖಾಲಿ ಕಚೇರಿಯಲ್ಲೂ ನಿಧಾನವಾಗಿದ್ದರೆ ಕೇಬಲನ್ನು ಅನುಮಾನಿಸಿ. ಜನ ತುಂಬಿದಾಗ ಮಾತ್ರ ನಿಧಾನವಾದರೆ ಗಾಳಿಯಲ್ಲಿ ದಟ್ಟಣೆಯಿದೆ, ಇಲ್ಲವೇ ಇಂಟರ್‌ನೆಟ್ ಸಂಪರ್ಕವೇ ತುಂಬಿಹೋಗುತ್ತಿದೆ.

ಹಂತ 2: ಮೊದಲು ತಂತಿಯಲ್ಲಿ ಅಳೆಯಿರಿ

ಲ್ಯಾಪ್‌ಟಾಪಿನ ವೈ-ಫೈ ಆಫ್ ಮಾಡಿ, ಅದನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ಇಂಟರ್‌ನೆಟ್ ವೇಗವನ್ನು ಪರೀಕ್ಷಿಸಿ. ಇಲ್ಲಿಯೇ ವೇಗ ಕಡಿಮೆ ಬಂದರೆ ಆಕ್ಸೆಸ್ ಪಾಯಿಂಟಿನ ತಪ್ಪೇನೂ ಇಲ್ಲ. ಸೇವೆಯವರಿಗೆ ದೂರು ಕೊಡಿ. ವೈ-ಫೈ ಆಫ್ ಮಾಡಲು ಮರೆಯಬೇಡಿ. ಮರೆತರೆ ನೀವು ಅಳೆಯುತ್ತಿರುವುದು ಯಾವುದನ್ನು ಎಂಬ ಖಾತ್ರಿ ಇರುವುದಿಲ್ಲ.

ಆಮೇಲೆ ಒಂದು ಕಂಪ್ಯೂಟರನ್ನು ಸ್ವಿಚ್ಚಿಗೆ ಜೋಡಿಸಿ ಅದರಲ್ಲಿ ಐಪರ್ಫ್3 ತಂತ್ರಾಂಶವನ್ನು ಸರ್ವರ್ ಆಗಿ ಓಡಿಸಿ. ಲ್ಯಾಪ್‌ಟಾಪಿನಲ್ಲಿ ಅದನ್ನೇ ಕ್ಲೈಂಟ್ ಆಗಿ ಓಡಿಸಿ. ಈ ತಂತ್ರಾಂಶ ತಾನಾಗಿ 10 ಸೆಕೆಂಡ್ ಮಾತ್ರ ಅಳೆಯುತ್ತದೆ, ಅದೂ ಲ್ಯಾಪ್‌ಟಾಪಿನಿಂದ ಸರ್ವರ್ ಕಡೆಗೆ, ಅಂದರೆ ಅಪ್‌ಲೋಡ್ ದಿಕ್ಕಿನಲ್ಲಿ. ಡೌನ್‌ಲೋಡ್ ವೇಗ ತಿಳಿಯಬೇಕಾದರೆ ದಿಕ್ಕು ತಿರುಗಿಸುವ ಆಯ್ಕೆಯನ್ನು ಬಳಸಬೇಕು. ಎರಡೂ ದಿಕ್ಕಿನಲ್ಲಿ, 30 ಸೆಕೆಂಡಿನಂತೆ, ಕೆಲವು ಸಲ ಅಳೆದು ಬರೆದಿಡಿ. ಗಿಗಾಬಿಟ್ ಜಾಲ ಸರಿಯಾಗಿದ್ದರೆ ತಂತಿಯಲ್ಲಿ 940 ಎಂಬಿಪಿಎಸ್ ಆಸುಪಾಸಿನ ಸಂಖ್ಯೆ ಬರುತ್ತದೆ.

ಹಂತ 3: ಆಕ್ಸೆಸ್ ಪಾಯಿಂಟಿಗೆ ಹೋಗುವ ಕೇಬಲ್

ಈ ಹಂತವನ್ನು ಯಾವ ಕಾರಣಕ್ಕೂ ಹಾರಿಸಬೇಡಿ. ವೈ-ಫೈ ಎಷ್ಟೇ ಹತ್ತಿರದಿಂದ ಅಳೆದರೂ 94 ಎಂಬಿಪಿಎಸ್ ಹತ್ತಿರ ಬಂದು ನಿಂತುಬಿಡುತ್ತದೆ, ಅದಕ್ಕಿಂತ ಮೇಲೆ ಹೋಗುವುದೇ ಇಲ್ಲ ಎಂದಾದರೆ ಕಾರಣ ಬಹುಮಟ್ಟಿಗೆ ಇಲ್ಲಿಯೇ ಇದೆ. 100 ಎಂಬಿಪಿಎಸ್ ಎತರ್‌ನೆಟ್ ಕೊಂಡಿಯಲ್ಲಿ, ಪ್ರತಿ ಪ್ಯಾಕೆಟ್ಟಿನ, ಅಂದರೆ ದತ್ತಾಂಶದ ತುಣುಕಿನ, ವಿಳಾಸ ಮುಂತಾದ ಹೊರೆಯನ್ನು ಕಳೆದರೆ, ಬಳಕೆಗೆ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಸ್ವಿಚ್ಚೂ ಆಕ್ಸೆಸ್ ಪಾಯಿಂಟೂ ಗಿಗಾಬಿಟ್ ಸಾಮರ್ಥ್ಯದವೇ ಆಗಿದ್ದರೆ, ನಡುವಿನ ಕೊಂಡಿ 100ಕ್ಕೆ ಇಳಿದಿದೆ ಎಂದರ್ಥ.

ಇದು ಹೇಗಾಗುತ್ತದೆ ಎಂದು ತಿಳಿಯಲು ಕೇಬಲಿನ ತುದಿಯ ಪಾರದರ್ಶಕ ಕನೆಕ್ಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಒಳಗೆ ಕಿತ್ತಳೆ, ಹಸಿರು, ನೀಲಿ, ಕಂದು ಎಂಬ ನಾಲ್ಕು ಜೋಡಿ ತಂತಿಗಳಿವೆ. 100 ಎಂಬಿಪಿಎಸ್ ಕೊಂಡಿಗೆ ಕಿತ್ತಳೆ ಮತ್ತು ಹಸಿರು ಜೋಡಿಗಳಷ್ಟೇ ಸಾಕು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿಗಳು ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ಪಿನ್ನಿಗೆ ಸರಿಯಾಗಿ ಕಚ್ಚದಿದ್ದರೆ, ಇಲ್ಲವೇ ಚಾವಣಿಯೊಳಗೆಲ್ಲೋ ಮಡಿಚಿ ತುಂಡಾಗಿದ್ದರೆ, ಕೊಂಡಿ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುವುದು ಸಾಮಾನ್ಯ. ದೀಪ ಉರಿಯುತ್ತದೆ, ಇಂಟರ್‌ನೆಟ್ ಬರುತ್ತದೆ, ಎಲ್ಲೂ ದೋಷದ ಸಂದೇಶ ಕಾಣುವುದಿಲ್ಲ. ಅದಕ್ಕೇ ಈ ದೋಷ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ.

ಪರೀಕ್ಷೆ ಸುಲಭ. ಸ್ವಿಚ್ಚಿನ ನಿರ್ವಹಣಾ ಪುಟದಲ್ಲಿ ಆ ಪೋರ್ಟಿನ ಕೊಂಡಿ ವೇಗ, ಅಂದರೆ ಎರಡು ತುದಿಯ ಸಾಧನಗಳು ಒಪ್ಪಿಕೊಂಡ ವೇಗ, 1000 ಎಂದಿದೆಯೋ 100 ಎಂದಿದೆಯೋ ನೋಡಿ. ನಿರ್ವಹಣಾ ಪುಟವಿಲ್ಲದ ಸ್ವಿಚ್ ಆಗಿದ್ದರೆ ಪೋರ್ಟಿನ ದೀಪದ ಬಣ್ಣ ಅದನ್ನು ಹೇಳಬಹುದು. ಯಾವ ಬಣ್ಣಕ್ಕೆ ಯಾವ ಅರ್ಥ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿ ನೋಡಿಯೇ ನಿರ್ಧರಿಸಿ. 100 ಎಂದಿದ್ದರೆ ಎರಡು ತುದಿಯ ಕನೆಕ್ಟರುಗಳನ್ನು ಹೊಸದಾಗಿ ಕ್ರಿಂಪ್ ಮಾಡಿಸಿ (ತಂತಿಗಳ ಮೇಲೆ ಒತ್ತಿ ಕೂರಿಸಿ), ನಡುವಿನ ಪ್ಯಾಚ್ ಕೇಬಲ್ ಬದಲಿಸಿ, ಒಟ್ಟು ಉದ್ದ 100 ಮೀಟರ್ ಮೀರಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಅದೇ ಪುಟದಲ್ಲಿ ಇನ್ನೆರಡನ್ನು ಗಮನಿಸಿ. ಮೊದಲನೆಯದು ಡ್ಯುಪ್ಲೆಕ್ಸ್, ಅಂದರೆ ಎರಡೂ ಕಡೆಯಿಂದ ಏಕಕಾಲದಲ್ಲಿ ದತ್ತಾಂಶ ಹರಿಯಬಹುದೇ ಎಂಬ ಹೊಂದಾಣಿಕೆ. ಒಂದು ತುದಿಯಲ್ಲಿ ಯಾರೋ 100 ಫುಲ್ ಡ್ಯುಪ್ಲೆಕ್ಸ್ ಎಂದು ಕೈಯಾರೆ ನಿಗದಿಪಡಿಸಿ, ಇನ್ನೊಂದು ತುದಿ ಆಟೊದಲ್ಲೇ ಉಳಿದರೆ, ಆ ತುದಿ ಹಾಫ್ ಡ್ಯುಪ್ಲೆಕ್ಸ್‌ಗೆ ಬೀಳುತ್ತದೆ. ಆಗ ವೇಗ ಪಾತಾಳಕ್ಕಿಳಿಯುತ್ತದೆ. ಎರಡೂ ಕಡೆ ಆಟೊ ಇಡುವುದೇ ಕ್ಷೇಮ. ಎರಡನೆಯದು ದೋಷಗಳ ಎಣಿಕೆ. ಸಿಆರ್‌ಸಿ ದೋಷ, ಅಂದರೆ ದಾರಿಯಲ್ಲಿ ಕೆಟ್ಟುಹೋದ ಪ್ಯಾಕೆಟ್ಟುಗಳ ಸಂಖ್ಯೆ, ನೀವು ನೋಡುತ್ತಿರುವಂತೆಯೇ ಏರುತ್ತಿದ್ದರೆ ಕೇಬಲ್ ಅಥವಾ ಪೋರ್ಟ್ ಕೆಟ್ಟಿದೆ.

ಎಚ್ಚರಿಕೆ: ಆಕ್ಸೆಸ್ ಪಾಯಿಂಟಿನಿಂದ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿ ಪರೀಕ್ಷಿಸುವ ಮೊದಲು ಆ ಕೇಬಲಿನಲ್ಲಿ ವಿದ್ಯುತ್ ಹೇಗೆ ಬರುತ್ತಿದೆ ಎಂದು ತಿಳಿದುಕೊಳ್ಳಿ. ದತ್ತಾಂಶದ ಕೇಬಲಿನಲ್ಲಿಯೇ ವಿದ್ಯುತ್ ಕಳಿಸುವ ವ್ಯವಸ್ಥೆಗೆ ಪಿಒಇ ಎನ್ನುತ್ತಾರೆ. 802.3ಎಎಫ್ ಮತ್ತು 802.3ಎಟಿ ಮಾನದಂಡದ ಪಿಒಇ, ಎದುರಿನ ಸಾಧನಕ್ಕೆ ವಿದ್ಯುತ್ ಬೇಕೇ ಎಂದು ಪರೀಕ್ಷಿಸಿದ ಮೇಲೆಯೇ ಕಳಿಸುವುದರಿಂದ ಲ್ಯಾಪ್‌ಟಾಪಿಗೆ ಅಪಾಯವಿಲ್ಲ. ಆದರೆ ಪ್ಯಾಸಿವ್ ಪಿಒಇ ಇಂಜೆಕ್ಟರುಗಳು (ಕೇಬಲಿಗೆ ವಿದ್ಯುತ್ ಸೇರಿಸುವ ಪುಟ್ಟ ಪೆಟ್ಟಿಗೆಗಳು) ಏನನ್ನೂ ಕೇಳದೆ ವಿದ್ಯುತ್ ಹರಿಸುತ್ತವೆ. ಲ್ಯಾಪ್‌ಟಾಪಿನ ಪೋರ್ಟ್ ಸುಟ್ಟುಹೋಗಬಹುದು. ಅಂಥ ಇಂಜೆಕ್ಟರ್ ಇದ್ದರೆ ಅದನ್ನು ಬಿಡಿಸಿ, ಕೇಬಲನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸಿದ ಮೇಲೆಯೇ ಪರೀಕ್ಷಿಸಿ.

ಹಂತ 4: ವಿದ್ಯುತ್ ಸಾಲುತ್ತಿದೆಯೇ?

802.3ಎಎಫ್ ಪೋರ್ಟ್ 15.4 ವ್ಯಾಟ್‌ವರೆಗೆ, 802.3ಎಟಿ ಪೋರ್ಟ್ 30 ವ್ಯಾಟ್‌ವರೆಗೆ ವಿದ್ಯುತ್ ಕೊಡಬಲ್ಲದು. ಹೆಚ್ಚು ಆಂಟೆನಾಗಳಿರುವ ಹೊಸ ಆಕ್ಸೆಸ್ ಪಾಯಿಂಟನ್ನು ಹಳೆಯ ಪಿಒಇ ಸ್ವಿಚ್ಚಿಗೆ ಜೋಡಿಸಿದರೆ, ಕೆಲವು ಮಾದರಿಗಳು ಕೆಲವು ಆಂಟೆನಾಗಳನ್ನು ಆಫ್ ಮಾಡಿಕೊಂಡು ಅರೆಶಕ್ತಿಯಲ್ಲಿ ಓಡುತ್ತವೆ. ನಿರ್ವಹಣಾ ಪುಟದಲ್ಲಿ ಕಡಿಮೆ ವಿದ್ಯುತ್ತಿನ ಸೂಚನೆ ಇದೆಯೇ ನೋಡಿ, ಸಾಧನಕ್ಕೆ ಬೇಕಾದ ವ್ಯಾಟನ್ನು ಕೈಪಿಡಿಯೊಂದಿಗೆ ಹೋಲಿಸಿ.

ಹಂತ 5: ಈಗ ಗಾಳಿಯಲ್ಲಿ ಅಳೆಯಿರಿ

ಲ್ಯಾಪ್‌ಟಾಪಿನ ಕೇಬಲ್ ತೆಗೆದು, ಆಕ್ಸೆಸ್ ಪಾಯಿಂಟಿನಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ, ನಡುವೆ ಅಡ್ಡಿಯಿಲ್ಲದೆ, ವೈ-ಫೈ ಮೂಲಕ ಮತ್ತೆ ಐಪರ್ಫ್3 ಓಡಿಸಿ. ನಂತರ ದೂರು ಬಂದ ಜಾಗದಲ್ಲಿ ಕುಳಿತು ಅದೇ ಪರೀಕ್ಷೆ ಮಾಡಿ. ಎರಡೂ ಕಡೆ ಈ ಮುಂದಿನವುಗಳನ್ನು ಬರೆದುಕೊಳ್ಳಿ. ವಿಂಡೋಸ್‌ನಲ್ಲಿ ವೈ-ಫೈ ಸಂಪರ್ಕದ ಪ್ರಾಪರ್ಟೀಸ್ ಪುಟದಲ್ಲಿ ಕೊಂಡಿ ವೇಗ, ಬ್ಯಾಂಡ್ ಮತ್ತು ಚಾನೆಲ್ ಕಾಣುತ್ತವೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈ-ಫೈ ಚಿಹ್ನೆಯ ಮೇಲೆ ಕ್ಲಿಕ್ ಮಾಡಿದರೆ ಸಿಗ್ನಲ್ ಬಲ ಮತ್ತು ಗದ್ದಲದ ಮಟ್ಟವೂ ಸಿಗುತ್ತದೆ.

ಸಿಗ್ನಲ್ ಬಲವನ್ನು ಡಿಬಿಎಂ ಎಂಬ ಋಣ ಸಂಖ್ಯೆಯಲ್ಲಿ ಹೇಳುತ್ತಾರೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. -50 ಬಹಳ ಚೆನ್ನಾಗಿದೆ, -67ರವರೆಗೆ ಕಚೇರಿ ಕೆಲಸಕ್ಕೂ ಧ್ವನಿ ಕರೆಗಳಿಗೂ ಸಾಕು, -75 ದಾಟಿದರೆ ದೂರು ಬರುವುದು ಸಹಜ. ಪ್ರತಿ 10 ಡಿಬಿ ಇಳಿಕೆಗೆ ಸಿಗ್ನಲ್ಲಿನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ ಎಂಬುದು ನೆನಪಿರಲಿ. ಪರದೆಯ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಅವು ಒರಟು ಅಂದಾಜು ಮಾತ್ರ, ದಟ್ಟಣೆಯ ಬಗ್ಗೆಯಂತೂ ಏನನ್ನೂ ಹೇಳುವುದಿಲ್ಲ.

ಕೊಂಡಿ ವೇಗ 866 ಎಂದು ತೋರಿಸುತ್ತಿದ್ದು ಐಪರ್ಫ್3 ಅಳತೆಯಲ್ಲಿ 500 ಬಂದರೆ ಗಾಬರಿ ಬೇಡ. ವೈ-ಫೈಯಲ್ಲಿ ಒಂದು ಚಾನೆಲ್ಲಿನ ಮೇಲೆ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಸಾಧನ ಮಾತಾಡಬಹುದು. ಒಂದೇ ಮೈಕ್ ಇರುವ ಸಭೆಯಂತೆ ಉಳಿದವರು ಕಾಯಬೇಕು. ಕಾಯುವಿಕೆ, ಸ್ವೀಕೃತಿ ಸಂದೇಶಗಳು, ಮರುಪ್ರಸಾರ ಎಲ್ಲ ಕಳೆದು, ಕೊಂಡಿ ವೇಗದ ಅರ್ಧದಿಂದ ಮೂರರಲ್ಲಿ ಎರಡು ಭಾಗ ಕೈಗೆ ಸಿಕ್ಕಿದರೆ ಅದು ಆರೋಗ್ಯಕರ ಜಾಲ. ಕೊಂಡಿ ವೇಗ ಚೆನ್ನಾಗಿದ್ದೂ ನಿಜವಾದ ವೇಗ ಅದರ ಕಾಲು ಭಾಗಕ್ಕಿಂತ ಕಡಿಮೆಯಾಗಿದ್ದರೆ ಗಾಳಿಯಲ್ಲಿ ದಟ್ಟಣೆಯಿದೆ. ಕೊಂಡಿ ವೇಗವೇ ಕಡಿಮೆಯಾಗಿದ್ದರೆ ಸಿಗ್ನಲ್, ಬ್ಯಾಂಡ್ ಅಥವಾ ಸೆಟ್ಟಿಂಗ್ ತಪ್ಪಿದೆ.

ಹಂತ 6: ಬ್ಯಾಂಡ್, ಚಾನೆಲ್ ಮತ್ತು ಅಗಲ

ಬ್ಯಾಂಡ್ ಎಂದರೆ ರೇಡಿಯೋ ಆವರ್ತನಗಳ ಒಂದು ಪಟ್ಟಿ. 2.4 ಗಿಗಾಹರ್ಟ್ಸ್ ಬ್ಯಾಂಡ್ ದೂರ ತಲುಪುತ್ತದೆ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಬ್ಲೂಟೂತ್ ಸಾಧನಗಳು, ಮೈಕ್ರೊವೇವ್ ಒಲೆಗಳು ಇದೇ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತವೆ. ಯುಎಸ್‌ಬಿ 3 ಡಿಸ್ಕ್ ಮತ್ತು ಡಾಕ್‌ಗಳೂ ಹತ್ತಿರದ ಲ್ಯಾಪ್‌ಟಾಪಿಗೆ ಈ ಬ್ಯಾಂಡಿನಲ್ಲಿ ಅಡ್ಡಿಪಡಿಸಬಲ್ಲವು. ಕಚೇರಿಯ ಲ್ಯಾಪ್‌ಟಾಪುಗಳೆಲ್ಲ 5 ಗಿಗಾಹರ್ಟ್ಸ್‌ನಲ್ಲಿರಬೇಕು, 2.4 ಅನ್ನು ಪ್ರಿಂಟರು, ಸೆನ್ಸರುಗಳಂಥ ಸಾಧನಗಳಿಗೆ ಬಿಡಬೇಕು ಎಂಬುದು ನನ್ನ ಖಚಿತ ಸಲಹೆ.

2.4ರಲ್ಲಿ ಅಕ್ಕಪಕ್ಕದವರು 1 ಮತ್ತು 6 ಅನ್ನು ಬಳಸುತ್ತಿದ್ದಾರೆಂದು ಜಾಣತನದಿಂದ 3 ಅಥವಾ 4ನೆಯ ಚಾನೆಲ್ ಆರಿಸುವವರಿದ್ದಾರೆ. ಇದು ಎರಡೂ ಕಡೆಯವರಿಗೆ ಕೆಡುಕು. ಒಂದೇ ಚಾನೆಲ್ಲಿನಲ್ಲಿರುವ ಜಾಲಗಳು ಪರಸ್ಪರ ಕೇಳಿಸಿಕೊಂಡು ಸರದಿಯಲ್ಲಿ ಮಾತಾಡುತ್ತವೆ. ಅರ್ಧ ಮೈಮೇಲೆ ಬೀಳುವ ಚಾನೆಲ್‌ಗಳು ಒಂದಕ್ಕೊಂದು ಬರಿಯ ಗದ್ದಲವಾಗಿ ಕೇಳಿಸುತ್ತವೆ.

ಚಾನೆಲ್ಲಿನ ಅಗಲದ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪು ನಡೆಯುತ್ತದೆ. ಎರಡು ಆಂಟೆನಾಗಳ, ವೈ-ಫೈ 5 ಎಂಬ ತಲೆಮಾರಿನ ಲ್ಯಾಪ್‌ಟಾಪಿನ ಗರಿಷ್ಠ ಕೊಂಡಿ ವೇಗ 20 ಮೆಗಾಹರ್ಟ್ಸ್ ಅಗಲದಲ್ಲಿ 173, 40ರಲ್ಲಿ 400, 80ರಲ್ಲಿ 866 ಎಂಬಿಪಿಎಸ್. ಈ ಸಂಖ್ಯೆಗಳನ್ನು ನೋಡಿದವರು ಎಲ್ಲೆಡೆ 80 ಇಟ್ಟುಬಿಡುತ್ತಾರೆ. ಒಂದೇ ಆಕ್ಸೆಸ್ ಪಾಯಿಂಟ್ ಇರುವ, ನೆರೆಯಲ್ಲಿ ಬೇರೆ ಜಾಲಗಳಿಲ್ಲದ ಕಚೇರಿಗೆ ಅದು ಸರಿ. ಆದರೆ ಅಗಲ ಇಮ್ಮಡಿಯಾದಂತೆಲ್ಲ ಲಭ್ಯವಿರುವ ಚಾನೆಲ್‌ಗಳ ಸಂಖ್ಯೆ ಅರ್ಧವಾಗುತ್ತದೆ, ಒಳಬರುವ ಗದ್ದಲ 3 ಡಿಬಿ ಏರುತ್ತದೆ. ಐದಾರು ಆಕ್ಸೆಸ್ ಪಾಯಿಂಟುಗಳಿರುವ ಮಹಡಿಯಲ್ಲಿ ಎಲ್ಲವನ್ನೂ 80ಕ್ಕೆ ಏರಿಸಿದರೆ ಅವು ಒಂದೇ ಚಾನೆಲ್ಲಿಗಾಗಿ ತಮ್ಮತಮ್ಮಲ್ಲೇ ಕಾದಾಡುತ್ತವೆ. ಅಂಥಲ್ಲಿ 40, ಇನ್ನೂ ದಟ್ಟವಾಗಿದ್ದರೆ 20 ಇಡಿ. 2.4ರಲ್ಲಂತೂ ಯಾವಾಗಲೂ 20.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರುಗಳೊಂದಿಗೆ ಹಂಚಿಕೊಳ್ಳಬೇಕಾಗುತ್ತದೆ. ಇವನ್ನು ಡಿಎಫ್‌ಎಸ್ ಚಾನೆಲ್ ಎನ್ನುತ್ತಾರೆ. ಇವು ಹೆಚ್ಚಾಗಿ ಖಾಲಿ ಇರುವುದು ಲಾಭ. ರೇಡಾರ್ ಸಿಗ್ನಲ್ ಕಂಡೊಡನೆ ಆಕ್ಸೆಸ್ ಪಾಯಿಂಟ್ ಆ ಚಾನೆಲ್ ಬಿಟ್ಟು ಓಡಬೇಕಾಗಿರುವುದು, ಆಗ ಎಲ್ಲರ ಸಂಪರ್ಕ ಕ್ಷಣಕಾಲ ಕಡಿಯುವುದು ನಷ್ಟ. ಹೊಸ ಡಿಎಫ್‌ಎಸ್ ಚಾನೆಲ್ಲಿಗೆ ಹೋದ ಮೇಲೆ ಸಾಧಾರಣವಾಗಿ 60 ಸೆಕೆಂಡ್ ಮೌನವಾಗಿ ಆಲಿಸಿದ ನಂತರವೇ ಪ್ರಸಾರ ಶುರುವಾಗುತ್ತದೆ. ಆದ್ದರಿಂದ ಚಾನೆಲ್ ಬದಲಿಸಿದ ತಕ್ಷಣ ವೈ-ಫೈ ಹೆಸರು ಕಾಣಲಿಲ್ಲವೆಂದು ಸಾಧನವನ್ನು ರೀಬೂಟ್ ಮಾಡಲು ಹೋಗಬೇಡಿ. ಸಾಧನದಲ್ಲಿ ದೇಶದ ಆಯ್ಕೆ ಸರಿಯಿದೆಯೇ ಎಂದು ಇಲ್ಲೇ ನೋಡಿ. ಅನುಮತಿಯಿರುವ ಚಾನೆಲ್ಲೂ ಶಕ್ತಿಯೂ ಅದನ್ನೇ ಅವಲಂಬಿಸಿವೆ.

ಹಂತ 7: ವೇಗಕ್ಕೆ ಕಡಿವಾಣ ಹಾಕುವ ಸೆಟ್ಟಿಂಗ್‌ಗಳು

ಕೊಂಡಿ ವೇಗ 54ಕ್ಕಿಂತ ಮೇಲೇರುತ್ತಲೇ ಇಲ್ಲವೆಂದರೆ ಎರಡು ಕಡೆ ನೋಡಿ. ಗೂಢಲಿಪೀಕರಣದ ಆಯ್ಕೆಯಲ್ಲಿ ಟಿಕೆಐಪಿ ಅಥವಾ ಡಬ್ಲ್ಯೂಇಪಿ ಎಂಬ ಹಳೆಯ ವಿಧಾನ ಇದ್ದರೆ 802.11ಎನ್ ಎಂಬ ವೈ-ಫೈ ಮಾನದಂಡದ ಮತ್ತು ಅದರ ನಂತರದ ವೇಗಗಳು ಸಿಗುವುದಿಲ್ಲ. ಡಬ್ಲ್ಯೂಪಿಎ2 ಎಇಎಸ್ ಅಥವಾ ಡಬ್ಲ್ಯೂಪಿಎ3 ಆರಿಸಿ, ಭದ್ರತೆಗೂ ಅದೇ ಸರಿ. ದತ್ತಾಂಶಕ್ಕೆ ಆದ್ಯತೆ ನಿಗದಿಪಡಿಸುವ ಡಬ್ಲ್ಯೂಎಂಎಂ ಎಂಬ ಆಯ್ಕೆಯನ್ನು ಆಫ್ ಮಾಡಿದರೂ ಇದೇ ಗತಿ. ಅದು ಯಾವಾಗಲೂ ಆನ್ ಇರಲಿ.

ವೈ-ಫೈ ಹೆಸರುಗಳ ಸಂಖ್ಯೆಯನ್ನು ಮೂರು ನಾಲ್ಕಕ್ಕೆ ಮಿತಿಗೊಳಿಸಿ. ಲೆಕ್ಕ ವಿಭಾಗಕ್ಕೊಂದು, ಅತಿಥಿಗಳಿಗೊಂದು, ಪ್ರಿಂಟರಿಗೊಂದು ಎಂದು ಬೆಳೆಸುತ್ತ ಹೋದಂತೆ, ಪ್ರತಿ ಹೆಸರೂ ‘ನಾನಿದ್ದೇನೆ’ ಎಂದು ಸಾರುವ ಬೀಕನ್ ಸಂದೇಶವನ್ನು ಸೆಕೆಂಡಿಗೆ ಸುಮಾರು 10 ಸಲ, ಅದೂ ಅತಿ ಕಡಿಮೆ ವೇಗದಲ್ಲಿ, ಕಳಿಸುತ್ತಲೇ ಇರುತ್ತದೆ. 2.4ರಲ್ಲಿ ಆ ವೇಗ 1 ಎಂಬಿಪಿಎಸ್ ಆಗಿರಬಹುದು. 1999ರ 802.11ಬಿ ಕಾಲದ 1, 2, 5.5, 11 ವೇಗಗಳನ್ನು ಆಫ್ ಮಾಡಿದರೆ ಗಾಳಿಯ ಸಮಯ ಉಳಿಯುತ್ತದೆ. ಆದರೆ ಬಹಳ ಹಳೆಯ ಸ್ಕ್ಯಾನರು, ಪ್ರಿಂಟರುಗಳು ಅದರಿಂದ ಸಂಪರ್ಕ ಕಳೆದುಕೊಳ್ಳಬಹುದು, ಮೊದಲು ವಿಚಾರಿಸಿ. ಪ್ರತಿ ಬಳಕೆದಾರರಿಗೆ ವೇಗದ ಮಿತಿ ಹಾಕುವ ಆಯ್ಕೆಯನ್ನು ಹಿಂದೆ ಯಾರಾದರೂ ಹಾಕಿ ಮರೆತಿದ್ದಾರೆಯೇ ಎಂಬುದನ್ನೂ ಪರೀಕ್ಷಿಸಿ.

ಪ್ರಸಾರ ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವುದು ಪರಿಹಾರವಲ್ಲ. ಫೋನಿನ ಶಕ್ತಿ ಆಕ್ಸೆಸ್ ಪಾಯಿಂಟಿನದಕ್ಕಿಂತ ಸಾಮಾನ್ಯವಾಗಿ ಕಡಿಮೆ. ಆಕ್ಸೆಸ್ ಪಾಯಿಂಟಿನ ದನಿ ಫೋನಿಗೆ ಕೇಳಿಸಿದರೂ ಫೋನಿನ ಉತ್ತರ ಅತ್ತ ಮುಟ್ಟದಿದ್ದರೆ ಮರುಪ್ರಸಾರ ಹೆಚ್ಚುತ್ತದೆ. ಮೇಲಾಗಿ ದೂರದ ಆಕ್ಸೆಸ್ ಪಾಯಿಂಟಿಗೇ ಅಂಟಿಕೊಂಡ ಲ್ಯಾಪ್‌ಟಾಪ್ ಪಕ್ಕದಲ್ಲಿರುವುದಕ್ಕೆ ಬದಲಾಗುವುದೇ ಇಲ್ಲ. ಶಕ್ತಿಯನ್ನು ಮಧ್ಯಮದಲ್ಲಿಟ್ಟು ಸಾಧನದ ಜಾಗ ಬದಲಿಸಿ ನೋಡಿ: ಲೋಹದ ಕಪಾಟಿನ ಹಿಂದೆ, ಫಾಲ್ಸ್ ಸೀಲಿಂಗಿನ ಒಳಗೆ, ಲಿಫ್ಟಿನ ಗೋಡೆಗೆ ತಾಗಿ ಇದ್ದರೆ ಹೊರಗೆ ತನ್ನಿ. ಕೇಬಲ್ ಎಳೆಯಲಾಗದೆ ರಿಪೀಟರ್ ಹಾಕಿದ್ದರೆ, ಅದು ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧವಾಗುತ್ತದೆ.

ಹಂತ 8: ಒಂದೇ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ

ವೈ-ಫೈ ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನವೀಕರಿಸಿ. ಬ್ಯಾಟರಿಯಲ್ಲಿ ಮಾತ್ರ ನಿಧಾನವಾಗುತ್ತದೆಯೇ ನೋಡಿ. ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಕಾರಣವಾಗಿರಬಹುದು. ವಿಪಿಎನ್ ಆಫ್ ಮಾಡಿ ಅಳೆಯಿರಿ, ಹಿನ್ನೆಲೆಯಲ್ಲಿ ಕ್ಲೌಡ್‌ಗೆ ಫೈಲುಗಳು ಏರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ರೂಟರಿನ ವಿಳಾಸಕ್ಕೆ ಪಿಂಗ್ ಕಳಿಸುವುದು, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಬರುವ ಸಮಯ ಅಳೆಯುವುದು, ಇಲ್ಲಿ ಬಹಳ ಉಪಯುಕ್ತ: ಕೆಲವೇ ಮಿಲಿಸೆಕೆಂಡುಗಳಿದ್ದರೆ ಗಾಳಿ ಶಾಂತವಾಗಿದೆ, ನಡುನಡುವೆ ನೂರಾರಕ್ಕೆ ನೆಗೆಯುತ್ತಿದ್ದರೆ ಹಂತ 5ಕ್ಕೆ ಹಿಂತಿರುಗಿ.

ಹಂತ 9: ಬದಲಾವಣೆ, ಮರು ಅಳತೆ, ಮತ್ತು ಬೇರೆಯವರ ನೆರವು

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಜಾಗದಲ್ಲಿ, ಅದೇ ಲ್ಯಾಪ್‌ಟಾಪಿನಲ್ಲಿ, ಜನ ತುಂಬಿರುವ ಹೊತ್ತಿನಲ್ಲೇ ಮತ್ತೆ ಅಳೆಯಿರಿ. ಸಂಜೆ ಎಲ್ಲರೂ ಹೋದ ಮೇಲೆ ಅಳೆದರೆ ಯಾವ ಬದಲಾವಣೆಯೂ ಯಶಸ್ವಿಯಾಗಿಯೇ ಕಾಣುತ್ತದೆ. ಫರ್ಮ್‌ವೇರ್ ನವೀಕರಣವನ್ನು, ಅಂದರೆ ಸಾಧನದೊಳಗಿನ ತಂತ್ರಾಂಶದ ಬದಲಾವಣೆಯನ್ನು, ಕೆಲಸದ ಅವಧಿಯ ಹೊರಗೆ ಮಾಡಿ, ನಡುವೆ ವಿದ್ಯುತ್ ಹೋಗದಂತೆ ನೋಡಿಕೊಳ್ಳಿ.

ಇಷ್ಟಾದರೂ ಸರಿಹೋಗದೆ ಜಾಲ ಅಳವಡಿಸಿದವರನ್ನು ಕರೆಯುವುದಾದರೆ, ದೂರಿನ ಜೊತೆಗೆ ಇವಿಷ್ಟನ್ನು ಕೊಡಿ: ತಂತಿಯ ಮತ್ತು ಗಾಳಿಯ ಐಪರ್ಫ್3 ಅಳತೆಗಳು ಎರಡೂ ದಿಕ್ಕಿನಲ್ಲಿ, ಸ್ವಿಚ್ ಪೋರ್ಟಿನ ಕೊಂಡಿ ವೇಗ ಮತ್ತು ದೋಷಗಳ ಎಣಿಕೆ, ದೂರಿನ ಜಾಗದ ಸಿಗ್ನಲ್ ಬಲ, ಚಾನೆಲ್ ಮತ್ತು ಅಗಲ, ಅಳೆದ ಹೊತ್ತಿನಲ್ಲಿ ಸಂಪರ್ಕದಲ್ಲಿದ್ದ ಸಾಧನಗಳ ಸಂಖ್ಯೆ, ಫರ್ಮ್‌ವೇರಿನ ಆವೃತ್ತಿ. ಹೊಸ ಆಕ್ಸೆಸ್ ಪಾಯಿಂಟ್ ಕೊಳ್ಳಿ ಎಂಬ ಉತ್ತರ ಬಂದರೆ, ಈ ಪಟ್ಟಿಯ ಯಾವ ಸಂಖ್ಯೆಯ ಆಧಾರದ ಮೇಲೆ ಹಾಗೆ ಹೇಳುತ್ತಿದ್ದಾರೆ ಎಂದು ಕೇಳಿ.